ಮೂರನೇ ಪಿನ್ನಿನ ಲೆಕ್ಕ: ಕೆಲಸದ ಜಾಗದಲ್ಲಿ ಗ್ರೌಂಡಿಂಗ್ ಮತ್ತು ಬಾಂಡಿಂಗ್

“ಸಾರ್, ಗ್ರೈಂಡರ್ ಮುಟ್ಟಿದ್ರೆ ಒಂದೊಂದು ಸಲ ಜುಮ್ ಅನ್ನುತ್ತೆ. ರಬ್ಬರ್ ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ.”

ನಾರ್ತ್ ಯಾರ್ಕ್‌ನಲ್ಲಿ ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುವ ಒಂದು ಸಣ್ಣ ಯೂನಿಟ್‌ಗೆ ನಾನು ಲೆಕ್ಕಪತ್ರ ನೋಡಲು ಹೋಗಿದ್ದೆ. ಅಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗನೊಬ್ಬ ಈ ಮಾತನ್ನು ನಗುತ್ತಲೇ ಹೇಳಿದ. ಗ್ರೈಂಡರ್ ಊರಿನಿಂದ ತರಿಸಿದ್ದು, 230 ವೋಲ್ಟಿನದು. ಇಲ್ಲಿನ 120 ವೋಲ್ಟನ್ನು ಏರಿಸಲು ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬ ಇಟ್ಟಿದ್ದರು. ಆ ಡಬ್ಬದ ವೈರಿನ ಪ್ಲಗ್ಗಿನಲ್ಲಿ ಮೂರನೇ ಪಿನ್, ಅಂದರೆ ದುಂಡಗಿನ ಪಿನ್, ಮುರಿದು ಹೋಗಿತ್ತು. “ಎರಡು ಪಿನ್ ಇದ್ರೆ ಸಾಕು, ಓಡುತ್ತಲ್ಲ” ಅಂತ ಎಲ್ಲರೂ ಸುಮ್ಮನಿದ್ದರು.

ಮಾಲೀಕರನ್ನು ಒಪ್ಪಿಸಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿದೆವು. ಗ್ರೈಂಡರಿನ ಸ್ಟೀಲ್ ಮೈಯೊಳಗೆ ವೈರು ಹೋಗುವ ಜಾಗದಲ್ಲಿ ಹೊದಿಕೆ ಸವೆದು, ಒಳಗಿನ ತಾಮ್ರ ಆಗಾಗ ಸ್ಟೀಲಿಗೆ ತಗಲುತ್ತಿತ್ತು. ಯಂತ್ರ ಮೈಗೆ ಕರೆಂಟು ಹಚ್ಚಿಕೊಂಡು ನಿಂತಿತ್ತು, ಬ್ರೇಕರ್ ಮಾತ್ರ ಬಿದ್ದಿರಲಿಲ್ಲ. ಹುಡುಗ ಒಂದು ಕೈ ಗ್ರೈಂಡರ್ ಮೇಲೆ, ಇನ್ನೊಂದು ಕೈ ಪಕ್ಕದ ಸ್ಟೀಲ್ ಸಿಂಕ್ ಮೇಲೆ ಇಟ್ಟಿದ್ದರೆ ಚಪ್ಪಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ನಾನು ಎಲೆಕ್ಟ್ರಿಷಿಯನ್ ಅಲ್ಲ, ಬಿ.ಕಾಂ. ಓದಿದ ಅಕೌಂಟೆಂಟ್. ಹಾಗಾಗಿ ಈ ಪಾಠ ವೈರಿಂಗ್ ಮಾಡುವುದು ಹೇಗೆ ಅಂತ ಕಲಿಸುವುದಿಲ್ಲ. ಅಡುಗೆಮನೆ, ಗೋದಾಮು, ಕ್ಲೀನಿಂಗ್, ಅಂಗಡಿ, ಆಫೀಸು, ಇಂಥ ಕಡೆ ಕೆಲಸ ಮಾಡುವ ನಾವು ಅಪಾಯವನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದಷ್ಟೇ ಇಲ್ಲಿದೆ.

1. ಕರೆಂಟು ಹೋಗುವುದು ನೆಲಕ್ಕಲ್ಲ, ಮೂಲಕ್ಕೆ

ಊರಿನಲ್ಲಿ ನಾವೆಲ್ಲ “ಅರ್ಥಿಂಗ್” ನೋಡಿದ್ದೇವೆ. ಮನೆಯ ಪಕ್ಕ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪ್ ಹೂಳುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕು ಅಂತ ದೊಡ್ಡವರು ಹೇಳುತ್ತಿದ್ದರು. ಅದರಿಂದ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ: ಹೆಚ್ಚಾದ ಕರೆಂಟನ್ನು ಭೂಮಿ ಕುಡಿದುಬಿಡುತ್ತದೆ, ನಾವು ಬಚಾವ್.

ಈ ಚಿತ್ರ ಅರ್ಧ ಮಾತ್ರ ಸರಿ. ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ಯಾವ ಖಾತೆಯಿಂದ ಹಣ ಹೊರಟಿತೋ ಅಲ್ಲಿಗೆ ಅದರ ಲೆಕ್ಕ ಮರಳಿ ಬರಲೇಬೇಕು. ಡೆಬಿಟ್ ಇದ್ದರೆ ಕ್ರೆಡಿಟ್ ಇರಲೇಬೇಕು. ಕರೆಂಟೂ ಹಾಗೆಯೇ. ಟ್ರಾನ್ಸ್‌ಫಾರ್ಮರಿನಿಂದ ಹೊರಟಷ್ಟೂ ಅದೇ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ದಾರಿ ಯಾವುದಾದರೂ ಸರಿ: ತಂತಿ, ಪೈಪು, ಒದ್ದೆ ನೆಲ, ಮನುಷ್ಯನ ಮೈ. ದಾರಿ ಎಷ್ಟು ಸಲೀಸೋ ಅಷ್ಟು ಹೆಚ್ಚು ಕರೆಂಟು ಆ ದಾರಿಯಲ್ಲಿ ಹರಿಯುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ “ಇದು ನೆಲಕ್ಕೆ ಸೇರಿದೆಯಾ?” ಅನ್ನುವುದೊಂದೇ ಅಲ್ಲ. “ಈ ಯಂತ್ರದ ಮೈಗೆ ಕರೆಂಟು ಬಂದರೆ, ಅದು ಮೂಲಕ್ಕೆ ಮರಳಲು ನನ್ನ ಮೈಗಿಂತ ಬಹಳ ಸಲೀಸಾದ ದಾರಿ ಇದೆಯಾ?” ಅನ್ನುವುದು.

2. ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ

ನ್ಯೂಟ್ರಲ್: ಯಂತ್ರ ಸರಿಯಾಗಿ ಓಡುವಾಗ ಕರೆಂಟು ಮರಳುವ ತಂತಿ. ಇದರಲ್ಲಿ ದಿನವಿಡೀ ಕರೆಂಟು ಹರಿಯುತ್ತಿರುತ್ತದೆ. ಇಲ್ಲಿ ಬಿಳಿ ಅಥವಾ ಬೂದು ಬಣ್ಣ.

ಬಾಂಡಿಂಗ್: ಯಂತ್ರದ ಲೋಹದ ಮೈ, ಪ್ಯಾನಲ್ ಡಬ್ಬ, ಲೋಹದ ಪೈಪು ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ಮೂಲದವರೆಗೆ ಮುಟ್ಟಿಸುವ ದಾರಿ. ಇಲ್ಲಿ ಹಸಿರು, ಹಸಿರು ಹಳದಿ ಪಟ್ಟೆ ಅಥವಾ ಹೊದಿಕೆ ಇಲ್ಲದ ಬರಿಯ ತಾಮ್ರದ ತಂತಿ. ನಮ್ಮ ಪ್ಲಗ್ಗಿನ ಮೂರನೇ ಪಿನ್ ಇದಕ್ಕೇ ಸೇರುವುದು. ಎಲ್ಲ ಸರಿ ಇದ್ದಾಗ ಇದರಲ್ಲಿ ಕರೆಂಟು ಹರಿಯಬಾರದು. ತಪ್ಪಾದ ಕ್ಷಣದಲ್ಲಿ ಮಾತ್ರ ಹರಿಯಬೇಕು, ಆಗ ಜೋರಾಗಿಯೇ ಹರಿಯಬೇಕು.

ಗ್ರೌಂಡಿಂಗ್: ಇಡೀ ಕಟ್ಟಡದ ವ್ಯವಸ್ಥೆಯನ್ನು ಭೂಮಿಗೆ ಸೇರಿಸುವುದು. ಕರೆಂಟು ಕಟ್ಟಡಕ್ಕೆ ಬರುವ ಜಾಗದಿಂದ ಒಂದು ದಪ್ಪ ತಂತಿ ನೆಲದೊಳಗಿನ ಎಲೆಕ್ಟ್ರೋಡಿಗೆ ಹೋಗುತ್ತದೆ. ರಾಡ್ ಬಳಸಿದರೆ ಸಾಮಾನ್ಯವಾಗಿ 3 ಮೀಟರ್ ಉದ್ದದ ಎರಡು ರಾಡ್‌ಗಳನ್ನು, ಒಂದರಿಂದ ಇನ್ನೊಂದಕ್ಕೆ ಕನಿಷ್ಠ 3 ಮೀಟರ್ ಅಂತರ ಬಿಟ್ಟು ನೆಡುತ್ತಾರೆ. ಸಿಡಿಲು ಬಡಿದಾಗ, ಮೇಲಿನ ದೊಡ್ಡ ವೋಲ್ಟೇಜಿನ ಲೈನು ಕೆಳಗಿನ ಲೈನಿಗೆ ತಗಲಿದಾಗ ಕಾಪಾಡುವುದು, ವೋಲ್ಟೇಜು ಅಂಕೆ ತಪ್ಪದಂತೆ ನೋಡಿಕೊಳ್ಳುವುದು ಇದರ ಕೆಲಸ.

ಊರಲ್ಲಿ ಎರಡಕ್ಕೂ “ಅರ್ಥ್” ಅಂತ ಒಂದೇ ಮಾತು. ಇಲ್ಲಿನ ಕೋಡ್ ಎರಡನ್ನೂ ಬೇರೆ ಹೆಸರಿನಿಂದ ಕರೆಯುತ್ತದೆ. ಕೆಲಸಗಾರನ ಜೀವಕ್ಕೆ ಹತ್ತಿರದ್ದು ಬಾಂಡಿಂಗ್.

3. ಸಣ್ಣ ಲೆಕ್ಕ: ರಾಡ್ ಒಂದೇ ಯಾಕೆ ಸಾಲದು

ಕ್ಯಾಲ್ಕುಲೇಟರ್ ಬೇಡ, ಒಂದೇ ಸೂತ್ರ ಸಾಕು: ವೋಲ್ಟೇಜನ್ನು ತಡೆಯಿಂದ, ಅಂದರೆ ಓಮ್‌ನಿಂದ, ಭಾಗಿಸಿದರೆ ಕರೆಂಟು ಎಷ್ಟು ಆಂಪಿಯರ್ ಅಂತ ಬರುತ್ತದೆ.

ಒಂದು ಯಂತ್ರವನ್ನು ಬರೀ ನೆಲದ ರಾಡಿಗೆ ಸೇರಿಸಿದ್ದಾರೆ, ಬಾಂಡಿಂಗ್ ತಂತಿ ಇಲ್ಲ ಅಂದುಕೊಳ್ಳಿ. ರಾಡು ಮತ್ತು ಮಣ್ಣಿನ ತಡೆ 25 ಓಮ್ ಅಂತಿರಲಿ. ಯಂತ್ರದ ಮೈಗೆ 120 ವೋಲ್ಟ್ ತಗಲಿತು.
120 ÷ 25 = 4.8 ಆಂಪಿಯರ್.
ಬ್ರೇಕರ್ 15 ಆಂಪಿಯರಿನದು. 4.8 ಆಂಪಿಯರ್ ಅಂದರೆ ಅದಕ್ಕೆ ಮಾಮೂಲಿ ಖರ್ಚು. ಅದು ಬೀಳುವುದೇ ಇಲ್ಲ. ಯಂತ್ರದ ಮೈ ಗಂಟೆಗಟ್ಟಲೆ ಕರೆಂಟು ಹಿಡಿದುಕೊಂಡೇ ಇರುತ್ತದೆ. ಮುಂದೆ ಓದಲಿರುವ 347 ವೋಲ್ಟಿನ ಲೆಕ್ಕ ಹಾಕಿದರೂ 13.9 ಆಂಪಿಯರ್ ಮಾತ್ರ, ಆಗಲೂ ಬ್ರೇಕರ್ ಸುಮ್ಮನೇ ಇರುತ್ತದೆ.

ಈಗ ಸರಿಯಾದ ಬಾಂಡಿಂಗ್ ಇದೆ, ಹೋಗಿ ಬರುವ ತಂತಿಯ ಒಟ್ಟು ತಡೆ ಅರ್ಧ ಓಮ್ ಅಂದುಕೊಳ್ಳಿ.
120 ÷ 0.5 = 240 ಆಂಪಿಯರ್.
ಇಷ್ಟು ಕರೆಂಟು ಹರಿದರೆ 15 ಆಂಪಿಯರಿನ ಬ್ರೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಯಂತ್ರ ನಿಲ್ಲುತ್ತದೆ, ಕೆಲಸ ಕೆಡುತ್ತದೆ, ಮಾಲೀಕರು ಗೊಣಗುತ್ತಾರೆ. ಆದರೆ ಯಾರೂ ಸಾಯುವುದಿಲ್ಲ.

ಇನ್ನು ನಮ್ಮ ಮೈಯ ಲೆಕ್ಕ. ಬೆವರಿದ, ಒದ್ದೆಯಾದ ಮೈಯ ತಡೆ ಸುಮಾರು 1000 ಓಮ್ ಅಂತ ಹಿಡಿಯುತ್ತಾರೆ.
120 ÷ 1000 = 0.12 ಆಂಪಿಯರ್, ಅಂದರೆ 120 ಮಿಲಿಆಂಪಿಯರ್.
ಸುಮಾರು 10 ಮಿಲಿಆಂಪಿಯರಿಗೇ ಕೈಯ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗದೆ ಹೋಗಬಹುದು. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಬಹುದು. 15 ಆಂಪಿಯರಿನ ಬ್ರೇಕರಿಗೆ 120 ಮಿಲಿಆಂಪಿಯರ್ ಅಂದರೆ ನೂರರಲ್ಲಿ ಒಂದು ಪಾಲೂ ಅಲ್ಲ. ಅದಕ್ಕೆ ಗೊತ್ತೇ ಆಗುವುದಿಲ್ಲ. ಬ್ರೇಕರ್ ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಿಮ್ಮನ್ನಲ್ಲ.

ಈ ಪಾಠದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಬಾಂಡಿಂಗ್ ತಂತಿ ಇಲ್ಲದ ಕಡೆ ಆ ತಂತಿಯ ಕೆಲಸವನ್ನು ನಿಮ್ಮ ಮೈ ಮಾಡುತ್ತದೆ.

4. ನಿಮ್ಮ ಲೆಕ್ಕ ಇಡುವ ಔಟ್‌ಲೆಟ್: ಜಿಎಫ್‌ಸಿಐ

ಸಿಂಕಿನ ಹತ್ತಿರ, ಬಾತ್‌ರೂಮಿನಲ್ಲಿ, ಹೊರಗೋಡೆಯಲ್ಲಿ ‘ಟೆಸ್ಟ್’ ಮತ್ತು ‘ರೀಸೆಟ್’ ಅನ್ನುವ ಎರಡು ಗುಂಡಿಗಳ ಔಟ್‌ಲೆಟ್ ನೋಡಿರುತ್ತೀರಿ. ಅದೇ ಜಿಎಫ್‌ಸಿಐ. ಸಿಂಕಿನಿಂದ 1.5 ಮೀಟರ್ ಒಳಗಿನ ಔಟ್‌ಲೆಟ್‌ಗಳಿಗೆ ಈ ರಕ್ಷಣೆ ಇರಬೇಕು ಅನ್ನುವುದು ಇಲ್ಲಿನ ಸಾಮಾನ್ಯ ನಿಯಮ.

ಇದು ಒಳ್ಳೆಯ ಕ್ಯಾಷಿಯರ್ ಇದ್ದ ಹಾಗೆ. ಹೋದ ಕರೆಂಟೆಷ್ಟು, ಬಂದ ಕರೆಂಟೆಷ್ಟು ಅಂತ ಪ್ರತಿ ಕ್ಷಣ ತಾಳೆ ನೋಡುತ್ತದೆ. ಸುಮಾರು 5 ಮಿಲಿಆಂಪಿಯರ್ ವ್ಯತ್ಯಾಸ ಬಂದರೂ, ಎಲ್ಲೋ ಸೋರುತ್ತಿದೆ ಅಂತ ಲೈನು ಕಡಿದುಬಿಡುತ್ತದೆ. ನಮ್ಮೂರ ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಇದು ಅದಕ್ಕಿಂತ ಬಿಗಿ.

ಆದರೆ ಎರಡು ಎಚ್ಚರಿಕೆ. ಒಂದು: ಒಂದು ಕೈಯಲ್ಲಿ ಹಾಟ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಹೋದದ್ದೆಲ್ಲ ನಿಮ್ಮ ಮೂಲಕವೇ ಮರಳುತ್ತದೆ. ಲೆಕ್ಕ ತಾಳೆಯಾಗುತ್ತದೆ, ಜಿಎಫ್‌ಸಿಐ ಸುಮ್ಮನಿರುತ್ತದೆ. ಎರಡು: ಜಿಎಫ್‌ಸಿಐ ಇದೆ ಅಂತ ಮೂರನೇ ಪಿನ್ ಮುರಿಯುವ ಹಾಗಿಲ್ಲ. ಇವು ಎರಡು ಬೇರೆ ಬೇರೆ ಕಾವಲು. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಿ. ಒತ್ತಿದರೂ ಕರೆಂಟು ಹೋಗದಿದ್ದರೆ ಅದು ಸತ್ತ ಕಾವಲುಗಾರ, ಬದಲಿಸಲು ಬರೆದುಕೊಡಿ. ಪದೇ ಪದೇ ಬೀಳುತ್ತದೆ ಅಂತ ಜಿಎಫ್‌ಸಿಐ ಇಲ್ಲದ ಬೇರೆ ಔಟ್‌ಲೆಟ್‌ಗೆ ಯಂತ್ರವನ್ನು ಚುಚ್ಚಬೇಡಿ. ಅದು ಬೀಳುತ್ತಿರುವುದೇ ಕಾರಣವಿದ್ದು.

5. ಊರಿನ ಅಭ್ಯಾಸ ಇಲ್ಲಿ ಮುಳುವಾಗುವ ಕಡೆ

ಬಣ್ಣ. ನಮ್ಮ ಕಡೆಯ ಮನೆ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಇಲ್ಲಿ ಕಪ್ಪು ಅಂದರೆ ಹಾಟ್. ಊರಲ್ಲಿ ಸಣ್ಣಪುಟ್ಟ ವೈರಿಂಗ್ ಮಾಡಿ ಕೈ ಪಳಗಿದವರಿಗೇ ಇಲ್ಲಿ ಅಪಾಯ ಹೆಚ್ಚು. ಕಪ್ಪು ನೋಡಿದ ಕೂಡಲೇ ಕೈ ತಾನಾಗಿಯೇ “ಇದು ನ್ಯೂಟ್ರಲ್” ಅಂತ ಹೋಗುತ್ತದೆ. ಮೂರು ಫೇಸ್ ಇರುವ ಕಡೆ ಕೆಂಪು, ಕಪ್ಪು, ನೀಲಿ ಮೂರೂ ಹಾಟ್, ಬಿಳಿ ನ್ಯೂಟ್ರಲ್. ಕೆಲವು ಸರ್ಕ್ಯೂಟ್‌ಗಳಲ್ಲಿ ಬಿಳಿ ತಂತಿಯೂ ಹಾಟ್ ಆಗಿರುವುದುಂಟು. ಬಣ್ಣವನ್ನು ನಂಬಿ ಯಾವ ತಂತಿಯನ್ನೂ ಮುಟ್ಟಬೇಡಿ.

ವೋಲ್ಟೇಜು. “ಇಲ್ಲಿ ಬರೀ 120, ಊರಿನ ಅರ್ಧ, ಏನಾಗಲ್ಲ” ಅನ್ನುವ ಮಾತು ಕೇಳಿರಬಹುದು. ಮೇಲಿನ ಲೆಕ್ಕ ನೋಡಿದ ಮೇಲೆ 120 ಸಾಲದೇ ಅಂತ ನೀವೇ ಹೇಳಿ. ಅದೂ ಅಲ್ಲದೆ ಕಮರ್ಷಿಯಲ್ ಕಟ್ಟಡದಲ್ಲಿ 120 ಒಂದೇ ಇರುವುದಿಲ್ಲ. 120/208 ವೋಲ್ಟಿನ ಮೂರು ಫೇಸ್ ಇರುತ್ತದೆ, ದೊಡ್ಡ ಕಟ್ಟಡಗಳಲ್ಲಿ 347/600 ವೋಲ್ಟ್ ಇರುತ್ತದೆ. ಕೆನಡಾದ ಎಷ್ಟೋ ಆಫೀಸು, ಮಾಲು, ಗೋದಾಮುಗಳ ಛಾವಣಿಯ ದೀಪಗಳು 347 ವೋಲ್ಟಿನಲ್ಲಿ ಉರಿಯುತ್ತವೆ. ಏಣಿ ಹತ್ತಿ “ಬಲ್ಬ್ ತಾನೇ” ಅಂತ ದೀಪದ ಡಬ್ಬ ಬಿಚ್ಚುವುದು ಮನೆಯ ಬಲ್ಬ್ ಬದಲಿಸಿದ ಹಾಗಲ್ಲ.

ಊರಿನಿಂದ ತಂದ ಯಂತ್ರ. ವೆಟ್ ಗ್ರೈಂಡರ್, ಮಿಕ್ಸಿ, ಇಡ್ಲಿ ಸ್ಟೀಮರ್ ಇವು ಸಾಮಾನಿನ ಜೊತೆ ಬರುತ್ತವೆ. ಒಂಟಾರಿಯೋದಲ್ಲಿ ಮಾರುವ, ಬಳಸುವ ವಿದ್ಯುತ್ ಉಪಕರಣದ ಮೇಲೆ ಇಲ್ಲಿ ಮಾನ್ಯತೆ ಇರುವ ಸಂಸ್ಥೆಯ ಗುರುತು ಇರಬೇಕು. ಸಿಎಸ್‌ಎ ಗುರುತು ಅದರಲ್ಲಿ ಎಲ್ಲರಿಗೂ ಗೊತ್ತಿರುವುದು. ಊರಿನ ಐಎಸ್‌ಐ ಗುರುತು ಇಲ್ಲಿ ನಡೆಯುವುದಿಲ್ಲ. ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡು ಪಿನ್ನಿನದು ಹಾಕುವುದು, ಮೂರನೇ ಪಿನ್ ಮುಂದಕ್ಕೆ ಸೇರದ ಅಡಾಪ್ಟರ್ ಹಾಕುವುದು, ಈ ಎರಡೂ ಬಾಂಡಿಂಗ್ ದಾರಿಯನ್ನು ಕಡಿಯುತ್ತವೆ. ನಾನು ಹೇಳಿದ ಯೂನಿಟ್‌ನ ಗ್ರೈಂಡರನ್ನು ರಿಪೇರಿ ಮಾಡಿ ಮತ್ತೆ ಬಳಸಲಿಲ್ಲ, ತೆಗೆದಿಟ್ಟರು. ಗುರುತಿರುವ ಹೊಸ ಯಂತ್ರ ಬಂತು.

6. ಕಟ್ಟಡದಲ್ಲಿ ಎಲ್ಲೆಲ್ಲಿ ಏನಿರುತ್ತದೆ

ಕರೆಂಟು ಒಳಬರುವ ಮುಖ್ಯ ಪ್ಯಾನಲಿನಲ್ಲಿ ನ್ಯೂಟ್ರಲ್ ಮತ್ತು ಬಾಂಡಿಂಗ್ ಸೇರುತ್ತವೆ. ಅಲ್ಲಿಂದ ಮುಂದಿನ ಸಬ್ ಪ್ಯಾನಲ್‌ಗಳಲ್ಲಿ ಇವೆರಡೂ ಮತ್ತೆ ಸೇರಬಾರದು. ಕಂಪನಿ ಖಾತೆ ಮತ್ತು ಸ್ವಂತ ಖಾತೆ ಬೆರೆಸಿದರೆ ಏನಾಗುತ್ತದೋ ಅದೇ ಆಗುತ್ತದೆ. ದಿನನಿತ್ಯದ ನ್ಯೂಟ್ರಲ್ ಕರೆಂಟು ಪೈಪು, ಡಬ್ಬ, ಯಂತ್ರದ ಮೈಗಳ ಮೇಲೆಲ್ಲ ಹರಿಯತೊಡಗುತ್ತದೆ. ಇದನ್ನು ತಿಳಿಯದೆ ಯಾರೋ “ಹ್ಯಾಂಡಿಮ್ಯಾನ್” ಸಬ್ ಪ್ಯಾನಲ್‌ನಲ್ಲಿ ಒಂದು ತುಂಡು ತಂತಿ ಹಾಕಿ ಹೋಗಿರುತ್ತಾನೆ.

ನೀರಿನ ಲೋಹದ ಪೈಪು, ಗ್ಯಾಸ್ ಪೈಪು, ಕಟ್ಟಡದ ಉಕ್ಕಿನ ಕಂಬ ಇವನ್ನೂ ಬಾಂಡಿಂಗ್‌ಗೆ ಸೇರಿಸಿರುತ್ತಾರೆ. ಯಾಕೆ? ಮುಟ್ಟುವ ಎರಡು ಲೋಹಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಇಲ್ಲದಿದ್ದರೆ ಶಾಕ್ ಹೊಡೆಯುವುದಿಲ್ಲ. ಕಾಗೆ ಒಂದೇ ತಂತಿಯ ಮೇಲೆ ಎರಡೂ ಕಾಲಿಟ್ಟು ಹಾಯಾಗಿ ಕೂರುವುದು ಇದೇ ಕಾರಣಕ್ಕೆ. ಸಿಂಕು, ಗ್ರೈಂಡರು, ಫ್ರಿಜ್ಜು ಎಲ್ಲ ಒಂದಕ್ಕೊಂದು ಬಾಂಡ್ ಆಗಿದ್ದರೆ ಎರಡು ಕೈಗೂ ಒಂದೇ ವೋಲ್ಟೇಜು. ಗ್ರೈಂಡರಿನ ಬಾಂಡಿಂಗ್ ಮಾತ್ರ ಕಡಿದಿದ್ದರೆ ಆ ಎರಡರ ನಡುವೆ ನೀವೇ ಸೇತುವೆ.

ಕಮರ್ಷಿಯಲ್ ಕಟ್ಟಡಗಳಲ್ಲಿ ಎಷ್ಟೋ ಕಡೆ ತಂತಿ ಹೋಗುವ ಲೋಹದ ಪೈಪೇ ಬಾಂಡಿಂಗ್ ದಾರಿಯೂ ಆಗಿರುತ್ತದೆ. ಅದಕ್ಕೆ ಬಟ್ಟೆ ನೇತುಹಾಕುವುದು, ಸಾಮಾನು ಕಟ್ಟುವುದು, ಪ್ಯಾಲೆಟ್ ತಗಲಿಸಿ ಬಗ್ಗಿಸುವುದು ಮಾಡಿದರೆ ಜೋಡಣೆ ಸಡಿಲವಾಗುತ್ತದೆ. ಆದರೂ ಒಳಗಿನ ತಂತಿ ಸರಿ ಇರುವುದರಿಂದ ಯಂತ್ರ ಓಡುತ್ತಲೇ ಇರುತ್ತದೆ. ಬಾಂಡಿಂಗ್ ಕಡಿದರೆ ಯಾವ ದೀಪವೂ ಆರುವುದಿಲ್ಲ, ಯಾವ ಯಂತ್ರವೂ ನಿಲ್ಲುವುದಿಲ್ಲ. ಇದೇ ಇದರ ದೊಡ್ಡ ಮೋಸ. ಚಳಿಗಾಲದಲ್ಲಿ ಬೂಟಿನ ಜೊತೆ ಒಳಬರುವ ಹಿಮ ಕರಗಿಸುವ ಉಪ್ಪು, ಲೋಡಿಂಗ್ ಡಾಕಿನ ಕೊಳಕು ನೀರು ಇವು ನೆಲಮಟ್ಟದ ಜೋಡಣೆಗಳಿಗೆ ತುಕ್ಕು ಹಿಡಿಸುತ್ತವೆ. ವಸಂತದಲ್ಲಿ ಒಮ್ಮೆ ನೋಡಿಸುವುದು ಒಳ್ಳೆಯದು.

7. ದಿನವೂ ಕಣ್ಣಲ್ಲೇ ನೋಡಬಹುದಾದ್ದು

ಇವಕ್ಕೆ ಲೈಸೆನ್ಸ್ ಬೇಕಿಲ್ಲ, ಎರಡು ನಿಮಿಷ ಸಾಕು.

• ಪ್ಲಗ್ಗಿನ ಮೂರನೇ ಪಿನ್ ಇದೆಯೇ, ಅಲ್ಲಾಡುತ್ತಿದೆಯೇ?
• ವೈರು ಪ್ಲಗ್ಗಿನೊಳಗೆ ಮತ್ತು ಯಂತ್ರದೊಳಗೆ ಹೋಗುವ ಜಾಗದಲ್ಲಿ ಹೊದಿಕೆ ಬಿರುಕು ಬಿಟ್ಟಿದೆಯೇ? ಟೇಪ್ ಸುತ್ತಿದ್ದಾರೆಯೇ?
• ಮೂರು ಪಿನ್ನನ್ನು ಎರಡಕ್ಕೆ ಇಳಿಸುವ ಅಡಾಪ್ಟರ್ ಎಲ್ಲಾದರೂ ಇದೆಯೇ?
• ಒಂದು ಎಕ್ಸ್‌ಟೆನ್ಷನ್ನಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಅಂತ ಸರಪಳಿ ಹಾಕಿದ್ದಾರೆಯೇ?
• ಔಟ್‌ಲೆಟ್, ಪ್ಯಾನಲ್ ಮುಚ್ಚಳ ಒಡೆದಿದೆಯೇ? ಬೆಚ್ಚಗಿದೆಯೇ? ಸುಟ್ಟ ವಾಸನೆ ಬರುತ್ತಿದೆಯೇ?
• ಹಸಿರು ಅಥವಾ ಬರಿಯ ತಾಮ್ರದ ತಂತಿ ಎಲ್ಲಾದರೂ ಕಡಿದು ನೇತಾಡುತ್ತಿದೆಯೇ? ಕೈಯಲ್ಲಿ ಮುಟ್ಟಬೇಡಿ, ನೋಡಿ ಹೇಳಿ.

ಎರಡು ಪಿನ್ ಮಾತ್ರ ಇರುವ ಎಲ್ಲ ಉಪಕರಣವೂ ತಪ್ಪಲ್ಲ. ಚೌಕದೊಳಗೆ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್ ಇರುವುದು, ಅದಕ್ಕೆ ಮೂರನೇ ಪಿನ್ ಬೇಕಿಲ್ಲ. ಆದರೆ ಅದರ ಮೈ ಒಡೆದಿರಬಾರದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ದೀಪದ ಔಟ್‌ಲೆಟ್ ಟೆಸ್ಟರ್ ಸಿಗುತ್ತದೆ. ಚುಚ್ಚಿದರೆ ಗ್ರೌಂಡ್ ಇಲ್ಲ, ತಂತಿ ಅದಲು ಬದಲು ಆಗಿದೆ ಅಂತ ದೀಪ ತೋರಿಸುತ್ತದೆ. ತಪ್ಪು ತೋರಿಸಿದರೆ ಆ ಔಟ್‌ಲೆಟ್ ಬಳಸುವುದನ್ನು ನಿಲ್ಲಿಸಿ ತಿಳಿಸಿ. ಸರಿ ಅಂತ ತೋರಿಸಿದರೆ ಮಾತ್ರ ಪೂರ್ತಿ ನಂಬಬೇಡಿ. ಔಟ್‌ಲೆಟ್ಟಿನೊಳಗೆ ನ್ಯೂಟ್ರಲ್ಲಿಗೂ ಗ್ರೌಂಡಿಗೂ ಕಳ್ಳತಂತಿ ಸೇರಿಸಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

8. “ಜುಮ್” ಅಂದರೆ ಏನು ಮಾಡಬೇಕು

ಜುಮ್ ಅನ್ನುವುದು ಸಣ್ಣ ಶಾಕ್ ಅಲ್ಲ, ದೊಡ್ಡ ಶಾಕಿನ ಮುನ್ಸೂಚನೆ. ಇವತ್ತು ಒಣಗಿದ ಕೈ, ನಾಳೆ ಒದ್ದೆ ಕೈ.

ಮೊದಲು ಯಂತ್ರದಿಂದ ದೂರ ಸರಿಯಿರಿ, ಮತ್ತೆ ಮುಟ್ಟಿ ಪರೀಕ್ಷೆ ಮಾಡಬೇಡಿ. ಎರಡನೆಯದು, ಯಂತ್ರವನ್ನು ಮುಟ್ಟದೆ ಬ್ರೇಕರಿನಲ್ಲಿ ಕರೆಂಟು ಆಫ್ ಮಾಡಿಸಿ. ಮೂರನೆಯದು, ಬಳಸಬೇಡಿ ಅಂತ ಚೀಟಿ ಅಂಟಿಸಿ, ಪಕ್ಕದಲ್ಲಿರುವವರಿಗೆ ಹೇಳಿ. ನಾಲ್ಕನೆಯದು, ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿದ ಮೇಲೆ ಅದನ್ನೇ ಟೆಕ್ಸ್ಟ್ ಅಥವಾ ಈಮೇಲ್‌ನಲ್ಲಿ ಕಳಿಸಿ: ಯಾವ ಯಂತ್ರ, ಯಾವ ದಿನ, ಎಷ್ಟು ಗಂಟೆಗೆ, ಏನಾಯಿತು. ಮುರಿದ ಪಿನ್ನಿನ ಫೋಟೋ ಇಟ್ಟುಕೊಳ್ಳಿ. ವೋಚರ್ ಇಲ್ಲದ ಖರ್ಚನ್ನು ಯಾರೂ ಒಪ್ಪುವುದಿಲ್ಲ, ಬರಹವಿಲ್ಲದ ದೂರೂ ಹಾಗೆಯೇ.

ಯಾರಾದರೂ ಕರೆಂಟಿಗೆ ಸಿಕ್ಕಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಕರೆಂಟು ಆಫ್ ಮಾಡಿ, 911ಕ್ಕೆ ಫೋನ್ ಮಾಡಿ, ಉಸಿರಾಟ ಇಲ್ಲದಿದ್ದರೆ ಅವರು ಹೇಳಿದಂತೆ ಎದೆ ಒತ್ತಲು ಶುರು ಮಾಡಿ. ಶಾಕ್ ಹೊಡೆದವರು “ನಾನು ಆರಾಮಾಗಿದ್ದೀನಿ” ಅಂದರೂ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ ಹೃದಯದ ಪರೀಕ್ಷೆ ಮಾಡಿಸಬೇಕು.

9. ಸರಿಪಡಿಸುವುದು ಯಾರ ಕೆಲಸ

ನಿಮ್ಮದಲ್ಲ. ಮಾಲೀಕರ ಅಣ್ಣನದೂ ಅಲ್ಲ. ಒಂಟಾರಿಯೋದಲ್ಲಿ ಎಲೆಕ್ಟ್ರಿಷಿಯನ್ ಕಡ್ಡಾಯ ಸರ್ಟಿಫಿಕೇಟಿನ ಕಸುಬು. ಕಟ್ಟಡದ ಎಲೆಕ್ಟ್ರಿಷಿಯನ್ ಆಗಲು 9000 ಗಂಟೆಗಳ ಅಪ್ರೆಂಟಿಸ್‌ಶಿಪ್ ಇದೆ. ಗಿರಾಕಿಯ ಜಾಗದಲ್ಲಿ ವೈರಿಂಗ್ ಕೆಲಸ ಹಿಡಿಯುವ ಕಂಪನಿಗೆ ಕಾಂಟ್ರಾಕ್ಟರ್ ಲೈಸೆನ್ಸ್ ಬೇಕು. ಆ ಲೈಸೆನ್ಸ್ ನಂಬರ್ ಅವರ ಗಾಡಿಯ ಮೇಲೆ, ಬಿಲ್ಲಿನ ಮೇಲೆ ಇರಬೇಕು. ಈ ಕಾಂಟ್ರಾಕ್ಟರ್ ಲೈಸೆನ್ಸ್ ನೋಡಿಕೊಳ್ಳುವ ಸಂಸ್ಥೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿ, ಚಿಕ್ಕದಾಗಿ ಇಎಸ್‌ಎ. ಅದರ ಫೋನ್ 1-877-372-7233. ವೈರಿಂಗ್ ಕೆಲಸವನ್ನು ಸಾಮಾನ್ಯವಾಗಿ ಇಎಸ್‌ಎಗೆ ಮೊದಲೇ ತಿಳಿಸಿರಬೇಕು.

ಸಣ್ಣ ವ್ಯಾಪಾರ ಮಾಡುವ ನಮ್ಮವರೂ ಇದನ್ನು ಓದುತ್ತೀರಿ ಅಂತ ಒಂದು ಮಾತು. ಲೈಸೆನ್ಸ್ ನಂಬರ್ ಇಲ್ಲದ, ನಗದಿನ, ಬಿಲ್ಲಿಲ್ಲದ ಕೆಲಸ ಅಗ್ಗವಲ್ಲ. ಸರಿಯಾದ ಬಿಲ್ಲಿದ್ದರೆ ದುರಸ್ತಿಯನ್ನು ಆ ವರ್ಷದ ವ್ಯಾಪಾರದ ಖರ್ಚಿಗೆ ಹಾಕಬಹುದು, ಹೊಸ ಯಂತ್ರವನ್ನು ಆಸ್ತಿಗೆ ಹಾಕಿ ವರ್ಷ ವರ್ಷ ಸವಕಳಿ ಕಳೆಯಬಹುದು. ಇನ್ನೊಂದು ಕಡೆ, ಕೆಲಸದ ಸುರಕ್ಷೆಯ ಕಾನೂನು ಮುರಿದ ಕಂಪನಿಗೆ 2023ರಿಂದ ಗರಿಷ್ಠ ದಂಡ 20 ಲಕ್ಷ ಡಾಲರ್.

10. “ನಾನು ಮಾಡಲ್ಲ” ಅನ್ನುವ ಹಕ್ಕು

ಒಂಟಾರಿಯೋದ ಆಕ್ಯುಪೇಷನಲ್ ಹೆಲ್ತ್ ಅಂಡ್ ಸೇಫ್ಟಿ ಆಕ್ಟ್ 1979ರಲ್ಲಿ ಜಾರಿಗೆ ಬಂತು. ಅದರ 43ನೇ ಸೆಕ್ಷನ್ ಪ್ರಕಾರ, ಒಂದು ಯಂತ್ರ ಅಥವಾ ಜಾಗ ನಿಮಗೆ ಅಪಾಯ ಅಂತ ನಂಬಲು ಕಾರಣವಿದ್ದರೆ ಆ ಕೆಲಸ ನಿರಾಕರಿಸಬಹುದು. ನಿಮ್ಮ ಹತ್ತಿರ ಯಾವ ಪರ್ಮಿಟ್ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಕ್ರಮ ಹೀಗೆ. ನಿರಾಕರಿಸುತ್ತಿದ್ದೇನೆ, ಕಾರಣ ಇದು ಅಂತ ಸೂಪರ್‌ವೈಸರಿಗೆ ಕೂಡಲೇ ಹೇಳಿ. ಮನೆಗೆ ಹೋಗಬೇಡಿ, ಹತ್ತಿರದಲ್ಲೇ ಸುರಕ್ಷಿತ ಜಾಗದಲ್ಲಿರಿ. ಅವರು ನಿಮ್ಮ ಎದುರಿಗೆ, ಕೆಲಸಗಾರರ ಪ್ರತಿನಿಧಿ ಇದ್ದರೆ ಅವರ ಎದುರಿಗೆ ಪರಿಶೀಲಿಸಬೇಕು. ಐದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಪ್ರತಿನಿಧಿ, 20 ಅಥವಾ ಹೆಚ್ಚು ಇರುವ ಕಡೆ ಜಂಟಿ ಸಮಿತಿ ಇರಬೇಕು. ಆಮೇಲೂ ಅಪಾಯ ಇದೆ ಅಂತ ನಿಮಗೆ ಕಾರಣವಿದ್ದರೆ ಕಾರ್ಮಿಕ ಇಲಾಖೆಗೆ, 1-877-202-0008ಕ್ಕೆ, ತಿಳಿಸಬೇಕು. ಇನ್ಸ್‌ಪೆಕ್ಟರ್ ನಿರ್ಧರಿಸುತ್ತಾರೆ. ಅಷ್ಟರಲ್ಲಿ ಆ ಕೆಲಸ ಇನ್ನೊಬ್ಬರಿಗೆ ಕೊಡುವುದಾದರೆ, ನೀವು ನಿರಾಕರಿಸಿದ್ದೀರಿ, ಕಾರಣ ಇದು ಅಂತ ಅವರಿಗೆ ಹೇಳಲೇಬೇಕು. ಅಪಾಯದ ದೂರನ್ನು ಹೆಸರು ಹೇಳದೆಯೂ ಇದೇ ನಂಬರಿಗೆ ಕೊಡಬಹುದು.

ಇದಕ್ಕಾಗಿ ಕೆಲಸದಿಂದ ತೆಗೆಯುವುದು, ಗಂಟೆ ಕಡಿಮೆ ಮಾಡುವುದು, ಹೆದರಿಸುವುದು 50ನೇ ಸೆಕ್ಷನ್ ಪ್ರಕಾರ ತಪ್ಪು. ಒಂಟಾರಿಯೋ ಲೇಬರ್ ರಿಲೇಷನ್ಸ್ ಬೋರ್ಡಿಗೆ ದೂರು ಕೊಡಬಹುದು. ಒಬ್ಬನೇ ಮಾಲೀಕರಿಗೆ ಕಟ್ಟಿದ ಪರ್ಮಿಟ್‌ನಲ್ಲಿದ್ದು ದೌರ್ಜನ್ಯಕ್ಕೆ ಸಿಕ್ಕಿದವರಿಗೆ ಬೇರೆ ಕಡೆ ಕೆಲಸ ಮಾಡಲು ಓಪನ್ ಪರ್ಮಿಟ್ ಕೊಡುವ ವ್ಯವಸ್ಥೆ 2019ರಿಂದ ಇದೆ.

ಕೆಲಸದಲ್ಲಿ ಶಾಕ್ ಹೊಡೆದು ಚಿಕಿತ್ಸೆ ಬೇಕಾದರೆ ಡಾಕ್ಟರಿಗೆ “ಕೆಲಸದಲ್ಲಿ ಆದದ್ದು” ಅಂತ ಸ್ಪಷ್ಟವಾಗಿ ಹೇಳಿ. ಮಾಲೀಕರು ಡಬ್ಲ್ಯುಎಸ್‌ಐಬಿಗೆ ಫಾರಂ 7, ನೀವು ಫಾರಂ 6 ಕೊಡಬೇಕು. ನಿಮ್ಮ ಅರ್ಜಿಗೆ ಆರು ತಿಂಗಳ ಗಡುವು. “ಮನೇಲಿ ಆಯ್ತು ಅಂತ ಹೇಳು, ಖರ್ಚು ನಾನು ಕೊಡ್ತೀನಿ” ಅನ್ನುವ ಮಾತಿಗೆ ಒಪ್ಪಬೇಡಿ.

ಈ ಕಾನೂನುಗಳು ತಾವಾಗಿ ಬಂದವಲ್ಲ. ನಾರ್ತ್ ಯಾರ್ಕ್‌ನಲ್ಲೇ, ಯಂಗ್ ಸ್ಟ್ರೀಟ್ ಮತ್ತು ಯಾರ್ಕ್ ಮಿಲ್ಸ್ ಹತ್ತಿರದ ಹಾಗ್ಸ್ ಹಾಲೋದಲ್ಲಿ, 1960ರ ಮಾರ್ಚ್ 17ರಂದು ಡಾನ್ ನದಿಯ ಕೆಳಗೆ ನೀರಿನ ಪೈಪಿಗಾಗಿ ಕೊರೆಯುತ್ತಿದ್ದ ಸುರಂಗದಲ್ಲಿ ಬೆಂಕಿ ಬಿತ್ತು. ಐವರು ಕೆಲಸಗಾರರು ಸತ್ತರು. ಐವರೂ ಇಟಲಿಯಿಂದ ವಲಸೆ ಬಂದವರು. ಆ ಸಿಟ್ಟಿನಿಂದ ಒಂಟಾರಿಯೋದ ಸುರಕ್ಷಾ ಕಾನೂನುಗಳು ಬದಲಾದವು. ಯಾರ್ಕ್ ಮಿಲ್ಸ್ ಸಬ್‌ವೇ ಸ್ಟೇಷನ್ನಿನಲ್ಲಿ ಅವರ ನೆನಪಿಗೆ ಒಂದು ಕೌದಿ ಹಾಕಿದ್ದಾರೆ. ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ.

ನಿಮ್ಮನ್ನು ನೀವೇ ಕೇಳಿಕೊಳ್ಳಿ

ಪ್ರ: ಬ್ರೇಕರ್ ಸರಿ ಇದೆ, ಅಂದಮೇಲೆ ಯಂತ್ರ ಮುಟ್ಟುವುದು ಸುರಕ್ಷಿತವೇ?
ಉ: ಅಲ್ಲ. ಬಾಂಡಿಂಗ್ ಕಡಿದಿದ್ದರೆ ಬ್ರೇಕರಿಗೆ ತಪ್ಪು ಗೊತ್ತೇ ಆಗುವುದಿಲ್ಲ.

ಪ್ರ: ಯಂತ್ರದ ಪಕ್ಕದ ನೆಲಕ್ಕೆ ಒಂದು ರಾಡ್ ಬಡಿದು ತಂತಿ ಕಟ್ಟಿದರೆ ಸಾಕೇ?
ಉ: ಸಾಲದು. 4.8 ಆಂಪಿಯರಿನ ಲೆಕ್ಕ ನೆನಪಿಸಿಕೊಳ್ಳಿ. ಮೂಲಕ್ಕೆ ಮರಳುವ ಲೋಹದ ದಾರಿ ಬೇಕು.

ಪ್ರ: ರಬ್ಬರ್ ಚಪ್ಪಲಿ ಹಾಕಿಕೊಂಡರೆ?
ಉ: ಇನ್ನೊಂದು ಕೈ ಸಿಂಕಿನ ಮೇಲಿದ್ದರೆ ಚಪ್ಪಲಿಗೆ ಕೆಲಸವೇ ಇಲ್ಲ.

ಪ್ರ: ಮೂರನೇ ಪಿನ್ ಮುರಿದರೂ ಯಂತ್ರ ಓಡುತ್ತದಲ್ಲ?
ಉ: ಓಡುತ್ತದೆ. ಅದು ಇರುವುದು ಯಂತ್ರ ಓಡಲಿಕ್ಕಲ್ಲ, ನೀವು ಸಂಜೆ ಮನೆಗೆ ಹೋಗಲಿಕ್ಕೆ.

ಆ ಹುಡುಗ ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದಾನೆ. ಬೆಳಗ್ಗೆ ಹೋದ ಕೂಡಲೇ ಮೊದಲು ಪ್ಲಗ್ಗು ನೋಡುತ್ತಾನಂತೆ. ನಾಳೆ ಬೆಳಗ್ಗೆ ನೀವೂ ನೋಡಿ.